ಫೈಲಿನ ಹೆಸರಲ್ಲಿ ಅಧ್ಯಾಯದ ಸಂಖ್ಯೆ ಬೇಡ

ನಮಸ್ಕಾರ.

ನೀವು ಕಳಿಸಿದ ‘ದೊಡ್ಡ ಕೈಪಿಡಿಗಳ ಫೈಲ್ ಜೋಡಣೆ’ ಲೇಖನ ಓದಿದೆ. ನೂರಾರು ಪುಟಗಳ ಯಂತ್ರದ ಕೈಪಿಡಿಯನ್ನು ಡಿಟಿಪಿ ಮಾಡುವವರು ಫೈಲು, ಫೋಲ್ಡರುಗಳನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದು ವಿಷಯ. ಇದರ ಬಗ್ಗೆ ಬರೆಯುವವರು ಕಡಿಮೆ. ನಿಮ್ಮ ಭಾಷೆ ತಿಳಿಯಾಗಿದೆ. ಟೆಂಪ್ಲೇಟ್, ಸ್ಟೈಲುಗಳ ಭಾಗ ಸರಿಯಾಗಿದೆ, ಅದನ್ನು ನಾನು ಮುಟ್ಟುವುದಿಲ್ಲ. ಆದರೆ ಎರಡನೇ ಭಾಗ ಓದುವಾಗ ನಿಜಕ್ಕೂ ಸಿಟ್ಟು ಬಂತು. ಅದನ್ನು ನಂಬಿ ಕೆಲಸ ಮಾಡಿದವರು ಎಲ್ಲಿ ಸಿಕ್ಕಿಬೀಳುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಆ ಭಾಗವನ್ನಷ್ಟೇ ಸಾಲು ಹಿಡಿದು ನೋಡೋಣ.

ನಿಮ್ಮ ಮೊದಲ ಸಾಲು: “ಪ್ರತಿ ಫೈಲಿನ ಹೆಸರನ್ನೂ ಅಧ್ಯಾಯದ ಸಂಖ್ಯೆಯಿಂದ ಶುರು ಮಾಡಿ. ಫೋಲ್ಡರ್ ತೆರೆದ ಕೂಡಲೇ ಪುಸ್ತಕದ ಕ್ರಮ ಕಾಣುತ್ತದೆ.”

ಕ್ರಮ ಫೋಲ್ಡರಿನಲ್ಲಿ ಯಾಕೆ ಕಾಣಬೇಕು? ಅದಕ್ಕೆ ಬುಕ್ ಫೈಲ್ ಇದೆ. ಯಾವ ಅಧ್ಯಾಯದ ನಂತರ ಯಾವುದು ಅನ್ನುವ ಪಟ್ಟಿಯನ್ನು ಇಟ್ಟುಕೊಳ್ಳುವುದೇ ಅದರ ಕೆಲಸ. ಇದು ಹೊಸ ಸೌಲಭ್ಯವೂ ಅಲ್ಲ. 1999ರಲ್ಲಿ ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್ ಬರುವ ಮೊದಲೇ, ಅಂಥದೇ ಕೆಲಸದ ಫ್ರೇಮ್‌ಮೇಕರ್, ಪೇಜ್‌ಮೇಕರ್ ಎರಡರಲ್ಲೂ ಅಧ್ಯಾಯಗಳ ಪಟ್ಟಿಯನ್ನು ಸಾಫ್ಟ್‌ವೇರಿಗೆ ಒಪ್ಪಿಸುವ ವ್ಯವಸ್ಥೆ ಇತ್ತು. ಪಟ್ಟಿಯಲ್ಲಿ ಒಂದು ಫೈಲನ್ನು ಎಳೆದು ಮೇಲಕ್ಕೆ ಹಾಕಿ, ಬುಕ್ ಅಪ್‌ಡೇಟ್ ಮಾಡಿ. ಸಂಖ್ಯೆಗಳನ್ನು ಕೈಯಲ್ಲಿ ಟೈಪ್ ಮಾಡದೆ ಸಾಫ್ಟ್‌ವೇರಿಗೆ ಬಿಟ್ಟಿದ್ದರೆ ಅಧ್ಯಾಯದ ಸಂಖ್ಯೆ, ಪುಟದ ಸಂಖ್ಯೆ, ಚಿತ್ರದ ಸಂಖ್ಯೆ ಎಲ್ಲ ತಾವೇ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಒಂದೇ, ನೀವು ಫೈಲಿನ ಹೆಸರಿಗೆ ಅಂಟಿಸಿದ ಸಂಖ್ಯೆ. ಆಗ 07 ಅನ್ನುವ ಫೈಲಿನಲ್ಲಿ ನಾಲ್ಕನೇ ಅಧ್ಯಾಯ ಇರುತ್ತದೆ. ಅನುವಾದಕರಿಗೆ “ಏಳನೆಯದನ್ನು ಕಳಿಸಿ” ಅಂತ ಹೇಳಿದರೆ ಯಾವುದು ಬರುತ್ತದೆ ಹೇಳಿ?

ಫೈಲಿನ ಹೆಸರು ಒಳಗೆ ಏನಿದೆ ಅಂತ ಹೇಳಲಿ. ಸುರಕ್ಷತೆ, ಅಳವಡಿಕೆ, ದುರಸ್ತಿ. ಈ ಅಧ್ಯಾಯಗಳು ಎಲ್ಲಿಗೆ ಹೋದರೂ ಆ ಹೆಸರು ಸುಳ್ಳಾಗುವುದಿಲ್ಲ.

ಎರಡನೇ ಸಾಲು: “ಮಧ್ಯದಲ್ಲಿ ಹೊಸ ಅಧ್ಯಾಯ ಬಂದರೆ ಮುಂದಿನ ಫೈಲುಗಳ ಹೆಸರನ್ನು ಒಂದೊಂದಾಗಿ ಬದಲಿಸಿಕೊಂಡರೆ ಆಯಿತು.”

ಆಯಿತು ಅಂತ ಎಷ್ಟು ಸುಲಭವಾಗಿ ಬರೆದಿದ್ದೀರಿ! ಎಲ್ಲಿ ಬದಲಿಸಬೇಕು? ಅದನ್ನು ನೀವು ಹೇಳಿಯೇ ಇಲ್ಲ. ಓದುಗರು ವಿಂಡೋಸ್ ಫೋಲ್ಡರಿಗೆ ಹೋಗಿ ಬದಲಿಸುತ್ತಾರೆ. ಫ್ರೇಮ್‌ಮೇಕರಿನಲ್ಲಿ ‘ದುರಸ್ತಿ ಅಧ್ಯಾಯ ನೋಡಿ’ ಅನ್ನುವ ಪ್ರತಿ ಕ್ರಾಸ್ ರೆಫರೆನ್ಸಿನ ಒಳಗೂ ಗುರಿ ಫೈಲಿನ ಹೆಸರು ಮತ್ತು ದಾರಿ ಇರುತ್ತದೆ. ಹೊರಗಿನಿಂದ ಹೆಸರು ಬದಲಿಸಿದರೆ ಆ ದಾರಿ ಕಡಿಯಿತು. ಅದೇ ಬುಕ್ ವಿಂಡೋದ (ಬುಕ್ ಫೈಲ್ ತೆರೆದಾಗ ಅಧ್ಯಾಯಗಳ ಪಟ್ಟಿ ಕಾಣುವ ಕಿಟಕಿ) ಒಳಗಿನಿಂದ ಬದಲಿಸಿದರೆ ಆ ಬುಕ್ಕಿನ ಬೇರೆ ಅಧ್ಯಾಯಗಳಲ್ಲಿರುವ ರೆಫರೆನ್ಸುಗಳನ್ನೂ ಸಾಫ್ಟ್‌ವೇರ್ ತಿದ್ದುತ್ತದೆ. ನಿಮ್ಮ ಲೇಖನದಲ್ಲಿ ಇರಲೇಬೇಕಾದ ಮಾತು ಇದು. ಬೇರೆ ಬುಕ್ಕಿನಿಂದ ಇಲ್ಲಿಗೆ ಬರುವ ರೆಫರೆನ್ಸ್ ಇದ್ದರೆ ಅದನ್ನು ನಾವೇ ಹುಡುಕಿ ತಿದ್ದಬೇಕು. ಇದನ್ನೂ ಸೇರಿಸಿ.

ಮೂರನೇ ಸಾಲಿಗೆ ಬರುತ್ತೇನೆ. “ಯಾವುದಾದರೂ ಲಿಂಕ್ ತಪ್ಪಿದ್ದರೆ ಸಾಫ್ಟ್‌ವೇರ್ ತಾನೇ ಹೇಳುತ್ತದೆ, ಚಿಂತೆ ಬೇಡ.”

ಇಲ್ಲ, ಯಾವಾಗಲೂ ಹೇಳುವುದಿಲ್ಲ.

ನಾನು ಈ ಕೆಲಸ ಕಲಿತದ್ದು ಒಬ್ಬ ಹಿರಿಯರ ಕೈಕೆಳಗೆ. ಕಡಿಮೆ ಮಾತಿನ ಮನುಷ್ಯ. ಹೊಸಬರ ಕೈಗೆ ಮೊದಲು ಕೀಬೋರ್ಡ್ ಕೊಡುತ್ತಿರಲಿಲ್ಲ. ಮುದ್ರಣವಾಗಿ ಬಂದ ಕೈಪಿಡಿ ಕೊಟ್ಟು, ಪ್ರತಿ ಚಿತ್ರವನ್ನೂ ಅದರ ಕೆಳಗಿನ ಬರಹದ ಜೊತೆ ತಾಳೆ ನೋಡಿ ಅನ್ನುತ್ತಿದ್ದರು. ನನಗೆ ಕೊಟ್ಟದ್ದು ಬೇರೆ ಕಡೆ ತಯಾರಾಗಿ ನಮ್ಮಲ್ಲಿಗೆ ತಿದ್ದುಪಡಿಗೆ ಬಂದ ಪಂಪಿನ ಕೈಪಿಡಿ. ಒಂದು ಕಡೆ ‘ಒತ್ತಡ ಮಾಪಕ’ ಅಂತ ಬರೆದಿತ್ತು, ಮೇಲಿದ್ದದ್ದು ವಾಲ್ವಿನ ಚಿತ್ರ. ಮುಂದೆ ಹೋದರೆ ಅಂಥದೇ ಇನ್ನೊಂದು, ಮತ್ತೊಂದು. ತೋರಿಸಿದಾಗ ಅವರು “ಫೈಲಿನ ಹೆಸರು ನೋಡಿ” ಅಂದರು, ಅಷ್ಟೇ. ಆ ಕೈಪಿಡಿಯ ಚಿತ್ರಗಳಿಗೂ ಅಧ್ಯಾಯದ ಸಂಖ್ಯೆಯ ಹೆಸರೇ ಇತ್ತು. 06-02, 07-02 ಹೀಗೆ. ಮಧ್ಯದಲ್ಲಿ ಒಂದು ಅಧ್ಯಾಯ ಸೇರಿತ್ತು. ಯಾರೋ ನಿಮ್ಮ ಸಲಹೆಯ ಹಾಗೆಯೇ ಎಲ್ಲ ಚಿತ್ರಗಳ ಹೆಸರನ್ನೂ ಒಂದೊಂದು ಸಂಖ್ಯೆ ಮುಂದಕ್ಕೆ ತಳ್ಳಿದ್ದರು. ಪುಟದ ಒಳಗಿನ ಲಿಂಕ್, ಅಂದರೆ ಚಿತ್ರದ ಫೈಲ್ ಎಲ್ಲಿದೆ ಅಂತ ಹೇಳುವ ದಾರಿ, ಮಾತ್ರ ಹಳೆಯ 07-02 ಅನ್ನೇ ಹುಡುಕುತ್ತಿತ್ತು. ಆ ಹೆಸರಿನ ಫೈಲ್ ಸಿಕ್ಕಿತು ಕೂಡ, ಆದರೆ ಅದು ಈಗ ಬೇರೆ ಚಿತ್ರ. ಸಾಫ್ಟ್‌ವೇರಿನ ಲೆಕ್ಕದಲ್ಲಿ ಯಾವ ಲಿಂಕೂ ತಪ್ಪಿರಲಿಲ್ಲ. ಹಾಗಿದ್ದ ಮೇಲೆ ಅದು ಏನಂತ ಎಚ್ಚರಿಸಬೇಕು?

ಫೈಲ್ ಸಿಗದೇ ಹೋದರೆ ಎಚ್ಚರಿಕೆ ಬರುತ್ತದೆ, ನಿಜ. ತಪ್ಪು ಫೈಲ್ ಸಿಕ್ಕಿದರೆ ಆ ಎಚ್ಚರಿಕೆ ಬರುವುದಿಲ್ಲ. ಇನ್‌ಡಿಸೈನಿನ ಲಿಂಕ್ಸ್ ಪ್ಯಾನೆಲ್ ‘ಚಿತ್ರ ಬದಲಾಗಿದೆ’ ಅಂತ ತೋರಿಸಬಹುದು. ಗಡಿಬಿಡಿಯಲ್ಲಿ ಇರುವವರು ಎಲ್ಲವನ್ನೂ ಒಟ್ಟಿಗೆ ಅಪ್‌ಡೇಟ್ ಮಾಡಿ ಮುಂದೆ ಹೋಗುತ್ತಾರೆ. ಕೈಪಿಡಿ ಕಥೆಪುಸ್ತಕ ಅಲ್ಲ. ಅದರ ಚಿತ್ರ ನೋಡಿಕೊಂಡೇ ಒಬ್ಬರು ವಾಲ್ವ್ ತಿರುಗಿಸುತ್ತಾರೆ. ನಿಮ್ಮ “ಚಿಂತೆ ಬೇಡ” ನನ್ನನ್ನು ಇಷ್ಟು ಕೆಣಕಿದ್ದು ಇದಕ್ಕೇ.

ಇನ್ನೊಂದು ಸಾಲು: “ಚಿತ್ರಗಳು ಎಲ್ಲಿದ್ದರೂ ಪರವಾಗಿಲ್ಲ, ಕೊನೆಗೆ ಪ್ಯಾಕೇಜ್ ಮಾಡಿದರೆ ಒಂದೇ ಕಡೆ ಬರುತ್ತವೆ.” ಬರುತ್ತವೆ, ಆದರೆ ಪ್ಯಾಕೇಜ್ ಅಂದರೆ ಬೇಕಾದ ಫೈಲುಗಳನ್ನೆಲ್ಲ ಸಾಫ್ಟ್‌ವೇರ್ ಒಂದು ಫೋಲ್ಡರಿಗೆ ನಕಲು ಮಾಡುವುದು, ಬರುವುದು ಪ್ರತಿಗಳು. ಮೂಲ ಚಿತ್ರ ಡೆಸ್ಕ್‌ಟಾಪಿನಲ್ಲೋ ಪೆನ್‌ಡ್ರೈವಿನಲ್ಲೋ ಹಾಗೇ ಉಳಿಯುತ್ತದೆ. ಮುಂದಿನ ಆವೃತ್ತಿಯಲ್ಲಿ ಯಾವುದನ್ನು ತಿದ್ದಬೇಕು, ಮೂಲವನ್ನೋ ಪ್ರತಿಯನ್ನೋ? ಒಬ್ಬರು ಇದನ್ನು, ಇನ್ನೊಬ್ಬರು ಅದನ್ನು ತಿದ್ದುತ್ತಾರೆ. ಪ್ಯಾಕೇಜ್ ಇರುವುದು ಮುದ್ರಣಕ್ಕೆ ಕಳಿಸಲಿಕ್ಕೆ, ಫೈಲ್ ಜೋಡಿಸಲಿಕ್ಕೆ ಅಲ್ಲ. ಮೊದಲ ದಿನವೇ ಬುಕ್ಕಿಗೆ ಒಂದು ಫೋಲ್ಡರ್, ಅದರೊಳಗೆ ಚಿತ್ರಗಳಿಗೆ ಒಂದು. ಎಲ್ಲ ಅಧ್ಯಾಯದಲ್ಲೂ ಬರುವ ಎಚ್ಚರಿಕೆ ಗುರುತು, ಲೋಗೊಗಳಿಗೆ ಬೇರೆಯದೇ ಒಂದು. ಫ್ರೇಮ್‌ಮೇಕರ್ ಒಂದೇ ಡ್ರೈವಿನಲ್ಲಿರುವ ಚಿತ್ರದ ದಾರಿಯನ್ನು ಅಧ್ಯಾಯದ ಫೈಲ್ ಇರುವ ಜಾಗದಿಂದ ಲೆಕ್ಕ ಹಾಕುತ್ತದೆ. ಹಾಗಾಗಿ ಇಡೀ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಹಾಕಿದರೂ ಲಿಂಕುಗಳು ಉಳಿಯುತ್ತವೆ. ಚಿತ್ರ ಬೇರೆ ಡ್ರೈವಿನಲ್ಲಿದ್ದರೆ ದಾರಿಯಲ್ಲಿ ಡ್ರೈವಿನ ಅಕ್ಷರವೂ ಸೇರಿಕೊಳ್ಳುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ ಆ ಡ್ರೈವ್ ಇಲ್ಲದಿದ್ದರೆ ಚಿತ್ರದ ಜಾಗ ಖಾಲಿ.

ಪದಸೂಚಿ, ಕಂಡೀಷನಲ್ ಟೆಕ್ಸ್ಟ್ (ಬೇಕಾದಾಗ ತೋರಿಸಿ, ಬೇಡವಾದಾಗ ಅಡಗಿಸುವ ಬರಹ) ಬಗ್ಗೆಯೂ ಬರೆದಿದ್ದೀರಿ. ಅವುಗಳ ಮಾತು ಆಮೇಲೆ.

ಈಗ ಒಂದು ಕೆಲಸ ಮಾಡಿ. ಸುಮ್ನೆ ನಾಲ್ಕು ಸಣ್ಣ ಫೈಲುಗಳ ಬುಕ್ ಕಟ್ಟಿ. ಒಂದರಿಂದ ಇನ್ನೊಂದಕ್ಕೆ ಕ್ರಾಸ್ ರೆಫರೆನ್ಸ್ ಕೊಡಿ, ಎರಡು ಚಿತ್ರಗಳನ್ನು ಲಿಂಕ್ ಮಾಡಿ. ಪ್ರತಿ ಪ್ರಯೋಗಕ್ಕೂ ಹೊಸ ನಕಲು ತೆಗೆದುಕೊಳ್ಳಿ. ಮೊದಲು ಬುಕ್ ವಿಂಡೋದಿಂದ ಒಂದು ಫೈಲಿನ ಹೆಸರು ಬದಲಿಸಿ, ಆಮೇಲೆ ಫೋಲ್ಡರಿನಿಂದ. ಕೊನೆಗೆ ಎರಡು ಚಿತ್ರಗಳ ಹೆಸರನ್ನು ಅದಲುಬದಲು ಮಾಡಿ. ಪ್ರತಿ ಸಲ ಅಪ್‌ಡೇಟ್ ಮಾಡಿದಾಗ ತೆರೆಯ ಮೇಲೆ ಏನು ಬಂತು, ಏನು ಬರಲಿಲ್ಲ ಅಂತ ಬರೆದಿಟ್ಟುಕೊಳ್ಳಿ. ಎರಡನೇ ಭಾಗವನ್ನು ಅದರಿಂದಲೇ ಹೊಸದಾಗಿ ಬರೆದು ಕಳಿಸಿ. ಬಂದ ಕೂಡಲೇ ಓದುತ್ತೇನೆ.