ಸ್ಕೈರಿಮ್‌ಗೆ ಮಾಡ್ (ಆಟಗಾರರು ತಯಾರಿಸಿದ ಬದಲಾವಣೆ ಫೈಲ್) ಹಾಕಿದ ಮೇಲೆ ಗೇಮ್ ತಡವರಿಸುತ್ತಿದೆ, ಅಂದ ಕೆಡದಂತೆ ಸರಿಮಾಡೋದು ಹೇಗೆ?

6 ಜಿಬಿ ಗ್ರಾಫಿಕ್ಸ್ ಕಾರ್ಡ್, 1080ಪಿ ಪರದೆ, ಸ್ಪೆಷಲ್ ಎಡಿಷನ್‌ನಲ್ಲಿ ಎಲ್ಲಕ್ಕೂ 4ಕೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಅಂದಿದ್ದೀರಿ. ತೊಂದರೆ ಅಲ್ಲೇ ಇದೆ. 4ಕೆ ಟೆಕ್ಸ್ಚರ್ 2ಕೆಗಿಂತ ನಾಲ್ಕು ಪಟ್ಟು ವಿಡಿಯೊ ಮೆಮೊರಿ ತಿನ್ನುತ್ತದೆ, ಅದು ತುಂಬಿದ ಮೇಲೆ ಉಳಿದದ್ದು ಮಾಮೂಲಿ ರ್‍ಯಾಮ್‌ಗೆ ಹೋಗಿ ಬಂದು ಮಾಡಬೇಕಾಗುತ್ತದೆ, ನಿಮಗೆ ಕಾಣುವ ತಡವರಿಕೆ ಬಹುಪಾಲು ಆ ಓಡಾಟದ್ದೇ. ಬೆಟ್ಟ, ನೆಲ, ಗೋಡೆಗೆ 2ಕೆ ಇಡಿ. ಬುಟ್ಟಿ, ಚಮಚಕ್ಕೆ 1ಕೆ ಸಾಕು, ನಿಮ್ಮ ಪರದೆಯಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ.

ಇಎನ್‌ಬಿ (ಬೆಳಕು, ಬಣ್ಣ ಚೆಂದಗೊಳಿಸುವ ಮಾಡ್) ಹಾಕಿದ್ದರೆ ಅದು ಬೇರೆ ಥರ. ಅದು ಮೆಮೊರಿಗಿಂತ ಜಾಸ್ತಿ ಕಾರ್ಡ್‌ನ ಶಕ್ತಿಯನ್ನೇ ಹೀರುತ್ತದೆ. ಪೂರ್ತಿ ತೆಗೆಯಬೇಡಿ, ಆ ಬೆಳಕು ನಿಜಕ್ಕೂ ಚೆನ್ನಾಗಿರುತ್ತದೆ ಅಲ್ವಾ? ಅದರಲ್ಲಿ ಡೆಪ್ತ್ ಆಫ್ ಫೀಲ್ಡ್ (ದೂರದ್ದನ್ನು ಮಸುಕಾಗಿಸುವುದು) ಮತ್ತು ಆಂಬಿಯೆಂಟ್ ಅಕ್ಲೂಷನ್ (ಮೂಲೆ, ಸಂದುಗಳ ನಸುನೆರಳು) ಎರಡನ್ನೂ ಆಫ್ ಮಾಡಿ ನೋಡಿ. ಹುಲ್ಲಿನ ಮಾಡ್ ಇದ್ದರೆ ಗೇಮ್‌ನ ಸೆಟ್ಟಿಂಗ್ ಇರುವ ಐಎನ್‌ಐ ಫೈಲ್‌ನಲ್ಲಿ ಐಮಿನ್‌ಗ್ರಾಸ್‌ಸೈಜ್ (iMinGrassSize) ಸಂಖ್ಯೆ ಏರಿಸಿ, ಹುಲ್ಲು ತೆಳುವಾಗುತ್ತದೆ. ನೆರಳಿನ ದೂರವನ್ನೂ ಇಳಿಸಿ.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಮಾಡ್‌ಗಳನ್ನು ನಿರ್ವಹಿಸುವ ಮಾಡ್ ಆರ್ಗನೈಸರ್ 2 ಸಾಫ್ಟ್‌ವೇರ್ ಬಳಸಿದರೆ ಗೇಮ್ ಫೋಲ್ಡರ್ ಮುಟ್ಟದೆ ಒಂದೊಂದೇ ಮಾಡ್ ತೆಗೆದು ಹಾಕಬಹುದು, ಪ್ರತಿ ಸಲ ಗೇಮ್‌ನ ರಿಫ್ಟೆನ್ ಊರಿನ ಸುತ್ತಲ ಕಾಡಲ್ಲಿ ಓಡಾಡಿ ಪರೀಕ್ಷಿಸಿ. ಫ್ರೇಮ್ ಮಿತಿ (ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) 60ಕ್ಕೇ ಇರಲಿ, ಅದನ್ನು ದಾಟಿದರೆ ಗೇಮ್‌ನ ಫಿಸಿಕ್ಸ್ ಹದಗೆಟ್ಟು ಸಾಮಾನುಗಳು ತಾವಾಗೇ ಹಾರಾಡುತ್ತವೆ.