ಪಾಯಿಂಟ್ಸ್ ಹೊಸದು, ಆದರೂ ಮಿಸ್ಸಿಂಗ್ ಹೋಗುತ್ತಿಲ್ಲ!

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 1978ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಗಾಡಿ ಈಗ ನನ್ನ ಹತ್ತಿರ ಇದೆ. ಆರು ತಿಂಗಳಿಂದ ಸ್ಲೋದಲ್ಲಿ ಎಂಜಿನ್ ಒಂದೇ ಸಮ ನಿಲ್ಲುವುದಿಲ್ಲ, ಘಾಟಿ ಹತ್ತುವಾಗ ಮಿಸ್ಸಿಂಗ್, ಮಧ್ಯೆ ಮಧ್ಯೆ ಉರಿಯದೆ ತಡವರಿಸುತ್ತದೆ. ಪಾಯಿಂಟ್ಸ್, ಕಂಡೆನ್ಸರ್, ಪ್ಲಗ್ ಎಲ್ಲ ಹೊಸದು ಹಾಕಿಸಿದೆ, ಕಾರ್ಬುರೇಟರ್ ಎರಡು ಸಲ ಬಿಚ್ಚಿಸಿದೆ. ಡಿಸ್ಟ್ರಿಬ್ಯೂಟರ್ ಬುಷ್ ಹೋಗಿದೆ, ಇಡೀ ಡಿಸ್ಟ್ರಿಬ್ಯೂಟರ್ ಬದಲಾಯಿಸಿ ಅಂತಾರೆ ಮೆಕ್ಯಾನಿಕ್. ಬರೀ ಬುಷ್ ಹಾಕಿಸಿದರೆ ಸಾಲದಾ ಸರ್?
– ಓದುಗರು, ಸಾಗರ

ಉತ್ತರ: ಡಿಸ್ಟ್ರಿಬ್ಯೂಟರ್ ಅಂದರೆ ಪ್ಲಗ್‌ಗಳಿಗೆ ಸರದಿಯಲ್ಲಿ ಕಿಡಿ ಹಂಚುವ ಭಾಗ, ಪಾಯಿಂಟ್ಸ್ ಅದರೊಳಗೆ ತೆರೆದು ಮುಚ್ಚುವ ಸ್ವಿಚ್, ಬುಷ್ ಅದರ ಶಾಫ್ಟ್ ತಿರುಗುವ ಕೊಳವೆ. ಬುಷ್ ಹೋಗಿರಬಹುದು, ಆದರೆ ಬಿಚ್ಚುವ ಮೊದಲು ನೀವೇ ಒಮ್ಮೆ ನೋಡಿಬಿಡಿ, ಐದು ನಿಮಿಷದ ಕೆಲಸ. ಕ್ಯಾಪ್ ತೆಗೆಯಿರಿ, ಶಾಫ್ಟಿನ ತುದಿಯಲ್ಲಿ ತಿರುಗುವ ರೋಟರ್ ಎಳೆದು ತೆಗೆಯಿರಿ. ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಗ ಪಾಯಿಂಟ್ಸ್ ಬಾಯಿ ಬಿಟ್ಟು ಮುಚ್ಚುವುದು ಕಣ್ಣಿಗೆ ಕಂಡರೆ ಬುಷ್ ಹೋಗಿದೆ ಅಂತಲೇ ಲೆಕ್ಕ. ಕಾಣದಿದ್ದರೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಿಡಿದು ಕ್ಯಾಮಿನ ನಾಲ್ಕೂ ಉಬ್ಬುಗಳ ಮೇಲೆ ಗ್ಯಾಪ್ ನೋಡಿ. 14ರಿಂದ 16 ಥೌ (ಇಂಚಿನ ಸಾವಿರದ ಒಂದು ಭಾಗ) ಇರಬೇಕು, ಅಂದರೆ ಸುಮಾರು 0.35ರಿಂದ 0.40 ಮಿ.ಮೀ. ಒಂದು ಕಡೆ 15, ಇನ್ನೊಂದು ಕಡೆ 20 ಬಂದರೆ ನೀವು ಎಷ್ಟು ಸಲ ಪಾಯಿಂಟ್ಸ್ ಬದಲಾಯಿಸಿದರೂ ಪ್ರಯೋಜನ ಇಲ್ಲ.

ಯಾಕೆ ಅಂದರೆ, ಎಂಜಿನ್ ಎರಡು ಸುತ್ತು ಸುತ್ತಿದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್ ಸುತ್ತುವುದು ಒಂದೇ ಸುತ್ತು. ಹಾಗಾಗಿ ಅಲ್ಲಿ ಒಂದು ಡಿಗ್ರಿ ಆಚೀಚೆ ಆದರೆ ಎಂಜಿನ್ನಿಗೆ ಎರಡು ಡಿಗ್ರಿ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ತಪ್ಪಿದ ಹಾಗೆ. 3000 ಆರ್‌ಪಿಎಂನಲ್ಲಿ ಪಾಯಿಂಟ್ಸ್ ಸೆಕೆಂಡಿಗೆ 100 ಸಲ ತೆರೆಯಬೇಕು, ಶಾಫ್ಟ್ ಓಲಾಡುತ್ತಿದ್ದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಹೊತ್ತಿಗೆ ಕಿಡಿ ಹೋಗುತ್ತದೆ. ಘಾಟಿಯಲ್ಲಿ ಲೋಡ್ ಬಿದ್ದಾಗ ಅದು ನಿಮ್ಮ ಕಾಲಿಗೇ ಗೊತ್ತಾಗುತ್ತದೆ.

ಇಡೀ ಸೆಟ್ ಬದಲಾಯಿಸಲೇಬೇಕು ಅಂತೇನಿಲ್ಲ. ಶಾಫ್ಟ್ ಸವೆದಿದೆಯಾ ಅನ್ನುವುದು ಮುಖ್ಯ. ಹೊರಗೆ ತೆಗೆದು ಉಗುರು ಆಡಿಸಿ ನೋಡಿ, ಬುಷ್ ಕೂರುವ ಜಾಗದಲ್ಲಿ ಮೆಟ್ಟಿಲು ಸಿಕ್ಕ ಹಾಗೆ ಆದರೆ ಅಥವಾ ಮೈಕ್ರೋಮೀಟರಿನಲ್ಲಿ ಸವೆತ ಕಂಡರೆ ಹೊಸ ಬುಷ್ ಹಾಕಿಯೂ ಪ್ಲೇ (ಅಲ್ಲಾಟ) ಉಳಿಯುತ್ತದೆ. ನುಣುಪಾಗಿದ್ದರೆ ಧೈರ್ಯವಾಗಿ ಬುಷ್ ಹಾಕಿಸಿ.

ಬಿಚ್ಚುವಾಗ ಒಂದು ವಿಷಯ ಮರೆಯಬೇಡಿ. ಮೊದಲು ರೋಟರ್ ಯಾವ ಕಡೆ ನೋಡುತ್ತಿದೆ ಅಂತ ಡಿಸ್ಟ್ರಿಬ್ಯೂಟರ್ ಬಾಡಿ ಮೇಲೆ ಗುರುತು ಹಾಕಿ. ಶಾಫ್ಟಿನ ಕೆಳಗೆ ಪಿನ್ ಹೊಡೆದು ಕೂರಿಸಿದ ಡ್ರೈವ್ ಡಾಗ್ (ಎಂಜಿನ್ನಿಂದ ಶಾಫ್ಟನ್ನು ತಿರುಗಿಸುವ ತುಂಡು) ಇರುತ್ತದೆ, ಅದರ ನಾಲಿಗೆ ಸರಿಯಾಗಿ ಮಧ್ಯದಲ್ಲಿ ಇರುವುದಿಲ್ಲ, ಸ್ವಲ್ಪ ಒಂದು ಬದಿಗೆ ಇರುತ್ತದೆ. ಪಿನ್ ತೆಗೆಯುವ ಮುಂಚೆ ಅದು ರೋಟರಿಗೆ ಯಾವ ಕಡೆ ಇತ್ತು ಅಂತ ಫೋಟೋ ತೆಗೆದುಕೊಳ್ಳಿ. ತಿರುಗಿಸಿ ಕೂರಿಸಿದರೆ ಟೈಮಿಂಗ್ ಪೂರ್ತಿ ಉಲ್ಟಾ, ಗಾಡಿ ಸ್ಟಾರ್ಟೇ ಆಗುವುದಿಲ್ಲ. ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಕೊಡಿಸುವ ಅಡ್ವಾನ್ಸ್ ವೆಯ್ಟ್‌ಗಳ ಎರಡು ಪುಟ್ಟ ಸ್ಪ್ರಿಂಗ್‌ಗಳನ್ನು ಎಳೆದು ಹಿಗ್ಗಿಸಬೇಡಿ, ಕೆಳಗಿನ ವಾಷರ್ ಕಳೆಯಬೇಡಿ.

ಈಗ ಬುಷ್. ಅಸಲಿಯಲ್ಲಿ ಬರುವುದು ಸಣ್ಣ ಸಣ್ಣ ರಂಧ್ರಗಳಿರುವ ಕಂಚಿನ ಬುಷ್, ಎಣ್ಣೆಯನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಕೂರಿಸುವ ಮೊದಲು ತೆಳು ಎಂಜಿನ್ ಆಯಿಲ್‌ನಲ್ಲಿ ಪೂರ್ತಿ ಮುಳುಗಿಸಿ 24 ಗಂಟೆ ಬಿಡಿ. ಅರ್ಜೆಂಟ್ ಇದ್ದರೆ ಆಯಿಲ್‌ನ್ನು 100 ಡಿಗ್ರಿಗೆ ಬಿಸಿ ಮಾಡಿ ಎರಡು ಗಂಟೆ ಇಟ್ಟರೂ ಆಗುತ್ತದೆ. ಬುಷ್ಷಿನ ಒಂದು ಬಾಯಿಗೆ ಬೆರಳು ಒತ್ತಿ, ಒಳಗೆ ಆಯಿಲ್ ತುಂಬಿ, ಮೇಲಿಂದ ಹೆಬ್ಬೆರಳಲ್ಲಿ ಗಟ್ಟಿಯಾಗಿ ಅದುಮಿ ನೋಡಿ. ಹೊರಮೈ ಮೇಲೆ ಬೆವರಿನ ಹನಿ ಹಾಗೆ ಎಣ್ಣೆ ಜಿನುಗಬೇಕು. ವೈಸಿನಲ್ಲಿ ನೇರವಾಗಿ ಒತ್ತಿ ಕೂರಿಸಿ, ಸುತ್ತಿಗೆ ಬೇಡ. ಶಾಫ್ಟ್ ಬಿಗಿ ಬಂತು ಅಂತ ರೀಮರ್ (ರಂಧ್ರ ಕೆರೆದು ಅಗಲಿಸುವ ಸಾಧನ) ಹಾಕಲು ಬಿಡಲೇಬೇಡಿ, ಆ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಶಾಫ್ಟಿನ ಅಳತೆಯದೇ ನಯವಾದ ಮ್ಯಾಂಡ್ರೆಲ್ (ಸರಳು) ಹಾಕಿ ಕೂರಿಸುವುದು ಸರಿಯಾದ ದಾರಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಹಳೇ ಗಾಡಿಗಳ ಸಾಮಾನು ಅಲ್ಲಿ ಹುಡುಕುವುದು ವಾಸಿ. ಸಿಗದಿದ್ದರೆ ಒಳ್ಳೆ ಟರ್ನರ್ ಹತ್ತಿರ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ ಕಡೆಸಬಹುದು, ಆದರೆ ಒಳಗೆ ಎಣ್ಣೆ ಹೋಗಲು ಸಣ್ಣ ಗ್ರೂವ್ (ತೋಡು) ಕೊಯ್ಯಲು ಹೇಳಿ. ಅದು ತಾನಾಗಿ ಎಣ್ಣೆ ಹಿಡಿಯುವುದಿಲ್ಲ, ನೀವೇ ಹಾಕುತ್ತಿರಬೇಕು. ನನ್ನ ಮನಸ್ಸು ಮಾತ್ರ ಮೊದಲು ಹೇಳಿದ ರಂಧ್ರಗಳ ಕಂಚಿನ ಬುಷ್ಷಿನ ಕಡೆಗೇ.

ಬುಷ್ ಸವೆದದ್ದೂ ಬಹುಶಃ ಎಣ್ಣೆ ಇಲ್ಲದೆ. ಸರ್ವೀಸಿನಲ್ಲಿ ರೋಟರ್ ತೆಗೆದು ನಾಲ್ಕು ಹನಿ ಆಯಿಲ್ ಬಿಡುವುದನ್ನು ಈಗ ಯಾರೂ ಮಾಡುವುದಿಲ್ಲ ಅಲ್ವಾ? ಪಾಯಿಂಟ್ಸ್ ಮೇಲೆ ಮಾತ್ರ ಬೀಳಬಾರದು. ಕೂರಿಸಿದ ಮೇಲೆ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-3-4-2.

ಪ್ರಶ್ನೆ: ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದರೆ ಬುಷ್ ರಗಳೆ ತಪ್ಪುತ್ತಾ?
– ಅದೇ ಓದುಗರು

ಉತ್ತರ: ಪೂರ್ತಿ ತಪ್ಪುವುದಿಲ್ಲ. ಮುಟ್ಟುವ ಪಾಯಿಂಟ್ಸ್ ಇಲ್ಲದ್ದರಿಂದ ಗ್ಯಾಪಿನ ತೊಂದರೆ ಇರುವುದಿಲ್ಲ, ಗಾಡಿ ಸ್ವಲ್ಪ ಸುಧಾರಿಸಿದ ಹಾಗೆ ಅನಿಸುತ್ತದೆ. ಆದರೆ ಶಾಫ್ಟ್ ಓಲಾಡಿದರೆ ಅದರ ಜೊತೆ ಕಿಟ್ಟಿನ ಮ್ಯಾಗ್ನೆಟ್ಟೂ ಓಲಾಡುತ್ತದೆ. ಮೊದಲು ಬುಷ್ ಹಾಕಿಸಿ, ಕಿಟ್ ಆಮೇಲೆ.