ಎರಡನೆಯ ಪ್ರಾಶಸ್ತ್ಯ ಕೊಟ್ಟರೆ ಮೊದಲನೆಯವರಿಗೆ ನಷ್ಟವೇ?

ಪ್ರಶ್ನೆ: ಸ್ಕಾಟ್ಲೆಂಡಿನ ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಚುನಾವಣೆಯಲ್ಲಿ ಸಾಮಾನ್ಯವಾಗಿ ವಾರ್ಡೊಂದಕ್ಕೆ ಮೂರು ನಾಲ್ಕು ಸದಸ್ಯರಿರುತ್ತಾರಂತೆ, ಮತದಾರರು ಹೆಸರುಗಳ ಮುಂದೆ 1, 2, 3 ಎಂದು ಬರೆಯುತ್ತಾರಂತೆ. ಎರಡನೆಯ ಅಂಕಿ ಬರೆದರೆ ಮೊದಲ ಆಯ್ಕೆಯ ಅಭ್ಯರ್ಥಿಗೆ ತೊಂದರೆಯಾಗದೇ? ಇಷ್ಟು ಗೋಜಲಿನ ಪದ್ಧತಿ ಏಕೆ ಬೇಕಾಯಿತು?
– ಓದುಗರೊಬ್ಬರು, ಧಾರವಾಡ

ಉತ್ತರ: ತೊಂದರೆಯಾಗುವುದಿಲ್ಲ. ನಿಮ್ಮ ಮೊದಲ ಆಯ್ಕೆಯವರು ಗೆದ್ದ ಮೇಲೆ ಅಥವಾ ಕಣದಿಂದ ಹೊರಬಿದ್ದ ಮೇಲಷ್ಟೇ ಎರಡನೆಯ ಅಂಕಿಯನ್ನು ಪರಿಗಣಿಸುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಪ್ರಾಶಸ್ತ್ಯ ಮತ ಹೊಸದಲ್ಲ. ಆದರೆ ಅಲ್ಲಿ ಸ್ಥಾನ ಒಂದೇ ಆಗಿರುವುದರಿಂದ ಪ್ರಮಾಣಾನುಗುಣ ಪ್ರಾತಿನಿಧ್ಯದ, ಅಂದರೆ ಪಕ್ಷಗಳಿಗೆ ಮತಗಳ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ ಸಿಗುವ, ಮಾತು ಬರುವುದಿಲ್ಲ.

ನಾಲ್ಕು ಸ್ಥಾನಗಳ ವಾರ್ಡಿನಲ್ಲಿ 10,000 ಸಿಂಧು ಮತಗಳಿದ್ದರೆ, ಅವನ್ನು ಐದರಿಂದ ಭಾಗಿಸಿ ಒಂದು ಕೂಡಿಸಿದಾಗ ಸಿಗುವ 2,001 ಗೆಲುವಿನ ಕೋಟಾ ಆಗುತ್ತದೆ. ಒಬ್ಬರಿಗೆ 2,501 ಮತ ಬಂದರೆ ಹೆಚ್ಚುವರಿ 500ನ್ನು ಯಾರ ಚೀಟಿಗಳಿಂದ ತೆಗೆಯಬೇಕು ಎಂಬ ತಕರಾರು ಏಳಬಾರದೆಂದು, ಅಷ್ಟೂ ಚೀಟಿಗಳನ್ನು ಸುಮಾರು ಐದನೆಯ ಒಂದರಷ್ಟು ಮೌಲ್ಯದಲ್ಲಿ ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾಯಿಸುತ್ತಾರೆ. ಯಾರೂ ಕೋಟಾ ಮುಟ್ಟದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು ಅವರ ಚೀಟಿಗಳನ್ನು ಹಂಚುತ್ತಾರೆ. ಈ ಲೆಕ್ಕವೆಲ್ಲ ಯಂತ್ರದ ಪಾಲಿನದು; ಮತದಾರರಿಗೆ ಇರುವ ಕೆಲಸ ಅಂಕಿ ಬರೆಯುವುದಷ್ಟೇ.

ಏಕೆ ಬೇಕಾಯಿತೆಂಬುದಕ್ಕೆ ಗ್ಲಾಸ್ಗೋ ನಗರವೇ ಉತ್ತರ. ವಾರ್ಡಿಗೊಬ್ಬರೇ ಸದಸ್ಯರಿದ್ದು ಹೆಚ್ಚು ಮತ ಪಡೆದವರೇ ಗೆಲ್ಲುತ್ತಿದ್ದ ಹಳೆಯ ಪದ್ಧತಿಯಲ್ಲಿ, 2003ರಲ್ಲಿ ಅಲ್ಲಿ ಲೇಬರ್ ಪಕ್ಷ ಅರ್ಧಕ್ಕಿಂತ ಕಡಿಮೆ ಮತ ಪಡೆದೂ 79 ಸ್ಥಾನಗಳಲ್ಲಿ 71ನ್ನು ಗೆದ್ದಿತ್ತು. ಹೊಸ ಪದ್ಧತಿಯ ಮೊದಲ ಚುನಾವಣೆ ನಡೆದ 2007ರಲ್ಲಿ ಅದು 45ಕ್ಕೆ ಇಳಿಯಿತು. ಮೂರೇ ಸ್ಥಾನಗಳಿದ್ದ ಸ್ಕಾಟಿಷ್ ನ್ಯಾಷನಲ್ ಪಕ್ಷ 22ಕ್ಕೆ ಏರಿತು. ತನಗೇ ನಷ್ಟ ತರುವ ಈ ಕಾನೂನನ್ನು ಲೇಬರ್ 2004ರಲ್ಲಿ ಒಪ್ಪಿದ್ದು ಔದಾರ್ಯದಿಂದಲ್ಲ, ಮೈತ್ರಿ ಸರ್ಕಾರದ ಪಾಲುದಾರರಾದ ಲಿಬರಲ್ ಡೆಮಾಕ್ರಾಟರು ಪಟ್ಟು ಹಿಡಿದಿದ್ದರಿಂದ.

ಪದ್ಧತಿಯಲ್ಲಿ ಕೊರತೆಗಳೂ ಇವೆ. ಮತಪತ್ರದಲ್ಲಿ ಹೆಸರುಗಳು ಅಕಾರಾದಿಯಾಗಿರುವುದರಿಂದ ಒಂದೇ ಪಕ್ಷದ ಇಬ್ಬರು ನಿಂತಾಗ ಮೇಲಿರುವವರಿಗೆ ಹೆಚ್ಚು ಮೊದಲ ಪ್ರಾಶಸ್ತ್ಯ ಬೀಳುವುದು ಸಾಮಾನ್ಯ. ಹಾಗಾಗಿ ಪಕ್ಷಗಳು ವಾರ್ಡಿನ ಒಂದು ಭಾಗದವರಿಗೆ ಒಂದು ಕ್ರಮವನ್ನೂ ಇನ್ನೊಂದು ಭಾಗದವರಿಗೆ ಬೇರೆ ಕ್ರಮವನ್ನೂ ಸೂಚಿಸುವುದುಂಟು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕೊರತೆ ಉಪಚುನಾವಣೆಯದು: ಆಗ ಭರ್ತಿಯಾಗುವುದು ಸಾಮಾನ್ಯವಾಗಿ ಒಂದೇ ಸ್ಥಾನವಾದ್ದರಿಂದ, ಸಣ್ಣ ಪಕ್ಷವೊಂದು ತನ್ನ ಪಾಲಿಗೆ ನ್ಯಾಯವಾಗಿ ಪಡೆದಿದ್ದ ಸ್ಥಾನವು ಸದಸ್ಯರ ನಿಧನದಿಂದ ತೆರವಾದರೆ, ದೊಡ್ಡ ಪಕ್ಷದ ಪಾಲಾಗುವ ಸಾಧ್ಯತೆಯೇ ಹೆಚ್ಚು.